ಕಾಲ್ನಡಿಗೆಯ ನಗರ ಎಡಿನ್‌ಬರೊ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೊ ನಗರಕ್ಕೆ ಹೋದವರಿಗೆ ಮೋಟಾರಿಗಿಂತಲೂ ತಮ್ಮ ಕಾಲುಗಳೇ ಹೆಚ್ಚು ನೆಚ್ಚಿನ ಸಂಗಾತಿಗಳು. ಏರುತಗ್ಗುಗಳ ನಡುವೆ ಹರಡಿರುವ ಈ ಊರಿನಲ್ಲಿ ನೋಡತಕ್ಕ ಸ್ಥಳಗಳ ಬಹುಭಾಗವು ಸುಮಾರು ಮೂರು ಮೈಲಿಗಳ ಒಂದು ಸುತ್ತಿನೊಳಗೆ ಅಡಕವಾಗಿದೆ. ಒಂದು ಭೂಪಟ, ಗಟ್ಟಿ ಅಟ್ಟೆಯ ಜೋಡು, ಒಂದು ಮಳೆಯಂಗಿ ಇವಿಷ್ಟಿದ್ದರೆ ಮಾರ್ಗದರ್ಶಕನ ಹಂಗಿಲ್ಲದೆ ಒಬ್ಬನೇ ನಡೆದು ಇಡೀ ನಗರದ ಚರಿತ್ರೆಯನ್ನು ಕಣ್ಣಾರೆ ಕಂಡುಬರಬಹುದು. ಕೊಡೆಯನ್ನು ಮಾತ್ರ ನೆಚ್ಚುವಂತಿಲ್ಲ. ಕಡಲಿನ ಕಡೆಯಿಂದ ಬೀಸುವ ಗಾಳಿ ಅದನ್ನು ಕ್ಷಣಮಾತ್ರದಲ್ಲಿ ಬುಡಮೇಲು ಮಾಡಿಬಿಡುತ್ತದೆ.

ಎಡಿನ್‌ಬರೊ ವಾಸ್ತವವಾಗಿ ಒಂದೇ ಊರಲ್ಲ, ಎರಡು. ಬಂಡೆಯ ಬೆನ್ನಿನ ಮೇಲೆ ಒತ್ತೊತ್ತಾಗಿ ಬೆಳೆದ ಹಳೆಯ ಪಟ್ಟಣವೊಂದು. ಅದರ ಉತ್ತರಕ್ಕೆ, ಕಣಿವೆಯಾಚೆ, ಗೆರೆಯೆಳೆದು ಕಟ್ಟಿದ ಹೊಸ ಪಟ್ಟಣ ಇನ್ನೊಂದು. ಹೊಸತೆಂಬುದು ಹೆಸರಿಗೆ ಮಾತ್ರ. ಅದಕ್ಕೂ ಈಗ ಇನ್ನೂರೈವತ್ತು ವರ್ಷಗಳ ಪ್ರಾಯ. ಇವೆರಡನ್ನೂ ಯುನೆಸ್ಕೊ ಸಂಸ್ಥೆಯು 1995ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಒಟ್ಟಾಗಿ ಸೇರಿಸಿತು.

ಬಂಡೆಯ ಮೇಲಿನ ಕೋಟೆ

ನಡಿಗೆಯನ್ನು ಕೋಟೆಯಿಂದ ಆರಂಭಿಸುವುದು ಲೇಸು. ಅಲ್ಲಿಂದ ಮುಂದೆ ಒಂದು ಮೈಲಿಗೂ ಮಿಕ್ಕಿ ದಾರಿಯೆಲ್ಲ ಇಳಿಜಾರು. ಕೋಟೆ ನಿಂತಿರುವ ಬಂಡೆಯು ಸುಮಾರು ಮೂವತ್ತೈದು ಕೋಟಿ ವರ್ಷಗಳ ಹಿಂದೆ ನಂದಿಹೋದ ಜ್ವಾಲಾಮುಖಿಯೊಂದರ ಗಂಟಲಿನಲ್ಲಿ ಹೆಪ್ಪುಗಟ್ಟಿದ ಕಲ್ಲು. ಹಿಮಯುಗದ ನೀರ್ಗಲ್ಲ ನದಿಗಳು ಪಶ್ಚಿಮದಿಂದ ಪೂರ್ವಕ್ಕೆ ಹರಿದಾಗ ಈ ಗಟ್ಟಿ ಬಂಡೆ ಸವೆಯದೆ ನಿಂತಿತು. ಅದರ ಬೆನ್ನ ಹಿಂದಿನ ಮೆದು ನೆಲವೂ ಅದರ ಆಸರೆಯಲ್ಲಿ ಉಳಿದು ಬಾಲದಂತೆ ಇಳಿಯಿತು. ಆ ಬಾಲದ ಮೇಲೆಯೇ ಹಳೆಯ ಪಟ್ಟಣ ಬೆಳೆದದ್ದು. ಪ್ರಕೃತಿ ಹಾಕಿಕೊಟ್ಟ ಈ ನಕ್ಷೆಯನ್ನು ಯಾವ ಅರಸನೂ ಮೀರಲಾಗಲಿಲ್ಲ.

ಕೋಟೆಯೊಳಗೆ ಎಲ್ಲಕ್ಕಿಂತ ಹಳೆಯದು ಸಂತ ಮಾರ್ಗರೆಟ್ಟಳ ಪುಟ್ಟ ಪ್ರಾರ್ಥನಾ ಮಂದಿರ. ಅವಳ ಮಗ ಒಂದನೆಯ ಡೇವಿಡ್ ಅರಸನು ಸುಮಾರು 1130ರಲ್ಲಿ ಅದನ್ನು ಕಟ್ಟಿಸಿದನು. 1314ರಲ್ಲಿ ಸ್ಕಾಟರು ಆಂಗ್ಲರಿಂದ ಕೋಟೆಯನ್ನು ಕಿತ್ತುಕೊಂಡು, ಅದು ಮತ್ತೆ ಶತ್ರುವಿನ ಕೈಗೆ ಉಪಯೋಗಕ್ಕೆ ಬಾರದಿರಲೆಂದು ಕೆಡವಿಹಾಕಿದಾಗಲೂ ಈ ಮಂದಿರವನ್ನು ಮಾತ್ರ ಮುಟ್ಟಲಿಲ್ಲ. ಅದರ ಸಮೀಪದಲ್ಲಿ 1449ರಲ್ಲಿ ತಯಾರಾದ ಮಾನ್ಸ್ ಮೆಗ್ ಎಂಬ ದೈತ್ಯ ಫಿರಂಗಿಯುಂಟು. ಕಿರೀಟ, ಖಡ್ಗ, ರಾಜದಂಡಗಳೂ ಇಲ್ಲಿವೆ. 1707ರ ಏಕೀಕರಣದ ನಂತರ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಮರೆತುಹೋಗಿದ್ದ ಈ ರಾಜಚಿಹ್ನೆಗಳನ್ನು 1818ರಲ್ಲಿ ಹುಡುಕಿ ಹೊರತೆಗೆಸಿದವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಸ್ಕಾಟಿಷ್ ಅರಸರ ಪಟ್ಟಾಭಿಷೇಕದ ಶಿಲೆಯನ್ನು ಅರಸುವವರು ಮಾತ್ರ ಪರ್ತ್ ನಗರಕ್ಕೆ ಹೋಗಬೇಕು. 1996ರಲ್ಲಿ ಲಂಡನ್ನಿನಿಂದ ಈ ಕೋಟೆಗೆ ಬಂದ ಆ ಶಿಲೆಯನ್ನು 2024ರಲ್ಲಿ ಅಲ್ಲಿನ ಹೊಸ ವಸ್ತುಸಂಗ್ರಹಾಲಯದಲ್ಲಿರಿಸಲಾಯಿತು.

ಭಾನುವಾರವೊಂದನ್ನು ಬಿಟ್ಟು ಸಾಮಾನ್ಯವಾಗಿ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಕೋಟೆಯಿಂದ ತೋಪು ಹಾರಿಸುತ್ತಾರೆ. ಬಂದರಿನ ಹಡಗುಗಳು ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದು 1861ರಲ್ಲಿ ಆರಂಭವಾದ ಪದ್ಧತಿಯಿದು. ಊರವರು ಕೈಗಡಿಯಾರ ನೋಡಿಕೊಳ್ಳುತ್ತಾರೆ; ಹೊಸಬರು ಬೆಚ್ಚಿಬೀಳುತ್ತಾರೆ.

ಕೋಟೆಯ ಮುಂದಿನ ಬಯಲಿನಲ್ಲಿ, ಗೋಡೆಗಂಟಿದ ಒಂದು ಚಿಕ್ಕ ಕಾರಂಜಿಯ ತೊಟ್ಟಿಯನ್ನು ಬಹುಮಂದಿ ಗಮನಿಸದೆ ದಾಟಿಬಿಡುತ್ತಾರೆ. ಮಾಟಗಾತಿಯರೆಂಬ ಆರೋಪ ಹೊತ್ತು ಪ್ರಾಣ ಕಳೆದುಕೊಂಡ ಹೆಂಗಸರ ನೆನಪಿಗೆ 1894ರಲ್ಲಿ ಇರಿಸಿದ ಸ್ಮಾರಕವದು. ಅದನ್ನು ಮಾಡಿಸಿದವನ ಹೆಸರು ಪ್ಯಾಟ್ರಿಕ್ ಗೆಡ್ಡಿಸ್. ಈ ಹೆಸರನ್ನು ಪಥಿಕನು ನೆನಪಿಟ್ಟುಕೊಳ್ಳಬೇಕು. ನಡಿಗೆಯ ಕೊನೆಯಲ್ಲಿ ಅದು ಮತ್ತೆ ಎದುರಾಗುತ್ತದೆ.

ರಾಜಬೀದಿಯ ಇಕ್ಕೆಲಗಳು

ಕೋಟೆಯಿಂದ ಹೋಲಿರೂಡ್ ಅರಮನೆಯವರೆಗಿನ ಬೀದಿಗೆ ರಾಯಲ್ ಮೈಲ್ ಎಂದು ಹೆಸರು. ಬೀದಿ ಒಂದೇ ಆದರೂ ಭಾಗಕ್ಕೊಂದು ಹೆಸರು ಬದಲಾಗುತ್ತದೆ: ಲಾನ್‌ಮಾರ್ಕೆಟ್, ಹೈ ಸ್ಟ್ರೀಟ್, ಕ್ಯಾನನ್‌ಗೇಟ್. ಮೀನಿನ ಬೆನ್ನುಮೂಳೆಯಿಂದ ಎಲುಬುಗಳು ಚಾಚಿಕೊಂಡಂತೆ ಇಕ್ಕೆಲಗಳಲ್ಲೂ ಕ್ಲೋಸ್ ಎಂಬ ಇಕ್ಕಟ್ಟಾದ ಓಣಿಗಳು ಕೆಳಕ್ಕೆ ಇಳಿಯುತ್ತವೆ. ಎಡಿನ್‌ಬರೊವನ್ನು ಕಾಣಬೇಕೆಂಬವನು ಬೀದಿಯನ್ನು ಬಿಟ್ಟು ಈ ಓಣಿಗಳಲ್ಲಿ ಒಂದೆರಡನ್ನಾದರೂ ಹೊಕ್ಕು ಬರಬೇಕು.

ಹಿಂದೆ ಊರಿನ ಸುತ್ತ ಗೋಡೆಯಿತ್ತು. ಉತ್ತರಕ್ಕೆ ಕೊಳಕು ನೀರಿನ ಕೆರೆಯಿತ್ತು. ಅಗಲಕ್ಕೆ ಬೆಳೆಯಲು ಎಡೆಯಿಲ್ಲದೆ ಜನ ಎತ್ತರಕ್ಕೆ ಕಟ್ಟಿದರು. ಹತ್ತು ಹನ್ನೊಂದು ಅಂತಸ್ತುಗಳ ಕಲ್ಲುಮನೆಗಳು ಹದಿನೇಳನೆಯ ಶತಮಾನದ ವೇಳೆಗೇ ಇಲ್ಲಿದ್ದವು. ಒಂದೇ ಮೆಟ್ಟಿಲ ಸಾಲಿನ ಸುತ್ತ ನ್ಯಾಯಾಧೀಶ, ಪಂಡಿತ, ದರ್ಜಿ, ಕೂಲಿಕಾರರೆಲ್ಲ ಬೇರೆ ಬೇರೆ ಅಂತಸ್ತುಗಳಲ್ಲಿ ವಾಸಿಸುತ್ತಿದ್ದರು. ಚರಂಡಿ ವ್ಯವಸ್ಥೆ ಇರಲಿಲ್ಲ. ರಾತ್ರಿಯಾದೊಡನೆ ಮೇಲಂತಸ್ತಿನವರು “ಗಾರ್ಡಿ ಲೂ” ಎಂದು ಕೂಗಿ ದಿನದ ಹೊಲಸನ್ನು ಕಿಟಕಿಯಿಂದಲೇ ಬೀದಿಗೆ ಸುರಿಯುತ್ತಿದ್ದರು. ‘ನೀರು, ಜೋಕೆ’ ಎಂಬರ್ಥದ ಫ್ರೆಂಚ್ ಮಾತಿನ ಅಪಭ್ರಂಶವದು. ದಾರಿಹೋಕರು ಕೂಗು ಕೇಳಿದೊಡನೆ ಓಡಬೇಕಾಗಿತ್ತು.

ಲಾನ್‌ಮಾರ್ಕೆಟ್ಟಿನಲ್ಲಿರುವ ಗ್ಲ್ಯಾಡ್‌ಸ್ಟೋನ್ಸ್ ಲ್ಯಾಂಡ್ ಎಂಬ ಆರಂತಸ್ತಿನ ಮನೆ ಆ ಕಾಲದ ಜೀವನಕ್ಕೆ ಒಳ್ಳೆಯ ಸಾಕ್ಷಿ. 1617ರಲ್ಲಿ ವರ್ತಕನೊಬ್ಬನು ಕೊಂಡು ಬೆಳೆಸಿದ ಈ ಮನೆಯ ಮರದ ಮಾಳಿಗೆಗಳಲ್ಲಿ ಹೂಬಳ್ಳಿಗಳ ವರ್ಣಚಿತ್ರಗಳು ಇಂದಿಗೂ ಉಳಿದಿವೆ. ಕೆಡವಬೇಕೆಂದು ನಿಶ್ಚಯವಾಗಿದ್ದ ಇದನ್ನು 1934ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೊಂಡು ಉಳಿಸಿತು.

ಅದಕ್ಕೆ ಹೊಂದಿದ ಓಣಿಯೊಳಗೆ, 1622ರ ಮನೆಯೊಂದರಲ್ಲಿ, ಸಾಹಿತಿಗಳ ವಸ್ತುಸಂಗ್ರಹಾಲಯವುಂಟು. ಬರ್ನ್ಸ್, ಸ್ಕಾಟ್, ಸ್ಟೀವನ್‌ಸನ್ ಈ ಮೂವರಿಗೆ ಮೀಸಲಾದ ಮನೆಯಿದು. ಅಂಗಳದ ಹಾಸುಗಲ್ಲುಗಳ ಮೇಲೆ ಸ್ಕಾಟಿಷ್ ಲೇಖಕರ ಮಾತುಗಳನ್ನು ಕೆತ್ತಿದ್ದಾರೆ. ಒಳಗಿರುವ ಒಂದು ಮರದ ಬೀರುವಿನ ಕಥೆ ಸ್ವಾರಸ್ಯವಾದದ್ದು. ಅದನ್ನು ಮಾಡಿದವನು ವಿಲಿಯಂ ಬ್ರೋಡಿ. ಹಗಲಿನಲ್ಲಿ ಬಡಗಿಗಳ ಸಂಘದ ಮುಖಂಡ, ಪುರಸಭೆಯ ಸದಸ್ಯ, ರಾತ್ರಿಯಲ್ಲಿ ಕನ್ನಗಳ್ಳ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಮಾಡಿದ ಬೀರು ಬಾಲಕ ಸ್ಟೀವನ್‌ಸನ್ನನ ಮಲಗುವ ಕೋಣೆಯಲ್ಲಿತ್ತು. ಒಂದೇ ದೇಹದಲ್ಲಿ ಸಜ್ಜನನೂ ದುರ್ಜನನೂ ಮನೆಮಾಡಿಕೊಂಡಿದ್ದ ಡಾಕ್ಟರ್ ಜೆಕಿಲ್ಲನ ಕಥೆಯನ್ನು ಆ ಬಾಲಕ ದೊಡ್ಡವನಾಗಿ 1886ರಲ್ಲಿ ಪ್ರಕಟಿಸಿದನು.

ಮುಂದೆ ಕಾಣುವ ಕಿರೀಟಾಕಾರದ ಗೋಪುರ ಸೇಂಟ್ ಜೈಲ್ಸ್ ಮಹಾಮಂದಿರದ್ದು. ಮತಸುಧಾರಕ ಜಾನ್ ನಾಕ್ಸ್ ಗುಡುಗಿದ ಪೀಠವಿದು. 1572ರಲ್ಲಿ ತೀರಿಕೊಂಡ ಅವನ ಸಮಾಧಿ ಇದ್ದಿತೆನ್ನಲಾದ ಜಾಗ ಇಂದು ಮಂದಿರದ ಹಿಂಬದಿಯಲ್ಲಿ ಮೋಟಾರುಗಳನ್ನು ನಿಲ್ಲಿಸುವ ಸ್ಥಳ! ಮಂದಿರದ ಮುಂದೆ ನೆಲಗಲ್ಲುಗಳನ್ನು ಹೃದಯದ ಆಕಾರದಲ್ಲಿ ಜೋಡಿಸಿದ್ದಾರೆ. 1817ರಲ್ಲಿ ಕೆಡವಿದ ಹಳೆಯ ಸೆರೆಮನೆಯ ಗುರುತದು. ದಾರಿಯಲ್ಲಿ ಹೋಗುವವರು ಅದರ ಮೇಲೆ ಉಗುಳಿದರೆ ಪಥಿಕನು ಅದನ್ನು ಅಸಭ್ಯತೆಯೆಂದು ಭಾವಿಸಬೇಕಾಗಿಲ್ಲ. ಬಹಳ ಕಾಲದಿಂದ ನಡೆದುಬಂದ ಆಚಾರವದು.

“ನಾನಿನ್ನೂ ಸತ್ತಿಲ್ಲ”

ಹೈ ಸ್ಟ್ರೀಟಿನಲ್ಲಿ ಇನ್ನಷ್ಟು ಇಳಿದರೆ ಪೇಸ್ಲಿ ಕ್ಲೋಸ್ ಎಂಬ ಓಣಿಯ ಬಾಗಿಲ ಮೇಲೆ ಹುಡುಗನೊಬ್ಬನ ಮುಖವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. 1861ರ ನವೆಂಬರ್ 24ರ ರಾತ್ರಿ ಇಲ್ಲಿದ್ದ ಹಲವು ಅಂತಸ್ತುಗಳ ಹಳೆಯ ಮನೆಯೊಂದು ನಿದ್ರಿಸುತ್ತಿದ್ದವರ ಮೇಲೆ ಕುಸಿದುಬಿತ್ತು. 35 ಮಂದಿ ಸತ್ತರು. ಅವಶೇಷಗಳನ್ನು ತೆಗೆಯುತ್ತಿದ್ದವರು ಇನ್ನು ಯಾರೂ ಉಳಿದಿರಲಾರರೆಂದು ಬಗೆದಾಗ ಕಲ್ಲುಮಣ್ಣುಗಳ ಅಡಿಯಿಂದ ಜೋಸೆಫ್ ಮೆಕೈವರ್ ಎಂಬ ಹುಡುಗನ ಕೂಗು ಕೇಳಿಸಿತು: ಎತ್ತಿರಿ, ನಾನಿನ್ನೂ ಸತ್ತಿಲ್ಲ! ಅವನನ್ನು ಜೀವಸಹಿತ ಹೊರಗೆಳೆದರು. ಅವನ ಮಾತನ್ನೇ ಬಾಗಿಲ ಮೇಲೆ ಕೆತ್ತಿದ್ದಾರೆ.

ಈ ದುರಂತ ಆಕಸ್ಮಿಕವಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಣಿವೆಯಾಚೆ ಹೊಸ ಪಟ್ಟಣ ತಲೆಯೆತ್ತಿದೊಡನೆ ಉಳ್ಳವರೆಲ್ಲ ಅಲ್ಲಿಗೆ ಹೊರಟುಹೋದರು. ಒಂದೇ ಮೆಟ್ಟಿಲನ್ನು ಹಂಚಿಕೊಂಡಿದ್ದ ನ್ಯಾಯಾಧೀಶ ಮತ್ತು ಕೂಲಿಕಾರನ ನಡುವೆ ಈಗ ಒಂದು ಕಣಿವೆಯ ಅಂತರವೇರ್ಪಟ್ಟಿತು. ಬಿಟ್ಟುಹೋದ ಮನೆಗಳನ್ನು ತುಂಡುತುಂಡಾಗಿ ವಿಂಗಡಿಸಿ ಬಡವರಿಗೆ ಬಾಡಿಗೆಗೆ ಕೊಟ್ಟರು. ದುರಸ್ತಿಯ ಗೊಡವೆಗೆ ಯಾರೂ ಹೋಗಲಿಲ್ಲ. ಮನೆ ಕುಸಿದ ಮರುವರ್ಷ ನಗರವು ಡಾಕ್ಟರ್ ಹೆನ್ರಿ ಲಿಟಲ್‌ಜಾನ್ ಎಂಬವನನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಎಲ್ಲಿ ಎಷ್ಟು ಮಂದಿ ಯಾವ ಸ್ಥಿತಿಯಲ್ಲಿದ್ದಾರೆ, ಯಾವ ಓಣಿಯಲ್ಲಿ ಸಾವು ಹೆಚ್ಚು ಎಂಬುದನ್ನೆಲ್ಲ ಅವನು 1865ರ ವರದಿಯಲ್ಲಿ ಲೆಕ್ಕ ಹಾಕಿ ತೋರಿಸಿದನು. 1867ರಲ್ಲಿ ನಗರ ಸುಧಾರಣೆಯ ಶಾಸನ ಬಂದಿತು. ಹಲವು ಓಣಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ತೆರೆದರು. ಗಾಳಿಬೆಳಕು ಬಂದವು. ಆದರೆ ಮನೆ ಕಳೆದುಕೊಂಡ ಬಡವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಉಳಿದೇ ಇತ್ತು.

ಕ್ಯಾನನ್‌ಗೇಟಿನ ಸಮಾಧಿಗಳು

ರಸ್ತೆಯಲ್ಲಿ ಹುದುಗಿಸಿದ ಹಿತ್ತಾಳೆಯ ಗುರುತುಗಳು ಹಳೆಯ ಊರಬಾಗಿಲಿನ ಸ್ಥಳವನ್ನು ತೋರಿಸುತ್ತವೆ. ಆ ಬಾಗಿಲನ್ನು 1764ರಲ್ಲಿ ತೆಗೆದುಹಾಕಿದರು. ಅದರ ಪಕ್ಕದ ಓಣಿಗೆ ‘ಪ್ರಪಂಚದ ಅಂಚು’ ಎಂದು ಹೆಸರು. ಊರೊಳಗಿನವರ ಪಾಲಿಗೆ ಪ್ರಪಂಚ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆಗಿನ ಕ್ಯಾನನ್‌ಗೇಟ್ 1856ರವರೆಗೆ ಬೇರೆಯೇ ಊರಾಗಿತ್ತು.

ಕ್ಯಾನನ್‌ಗೇಟ್ ಚರ್ಚಿನ ಆವರಣದಲ್ಲಿ ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ತನ ಸಮಾಧಿಯಿದೆ. ಆದರೆ ಸಾಹಿತ್ಯಪ್ರಿಯರ ಹೆಜ್ಜೆ ಇನ್ನೊಂದು ಸಮಾಧಿಯ ಕಡೆಗೆ ತಿರುಗುತ್ತದೆ. ರಾಬರ್ಟ್ ಫರ್ಗುಸನ್ ಎಂಬ ಕವಿ ಈ ಬೀದಿಗಳ ಗದ್ದಲವನ್ನೂ ನಗೆಯನ್ನೂ ಜನರ ಆಡುನುಡಿಯಲ್ಲಿಯೇ ಹಾಡಿದವನು. ಮತಿವಿಕಲನಾಗಿ 1774ರಲ್ಲಿ, ಕೇವಲ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹುಚ್ಚರ ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಹದಿಮೂರು ವರ್ಷಗಳ ನಂತರ ಹಳ್ಳಿಯಿಂದ ರಾಜಧಾನಿಗೆ ಬಂದು ಹೆಸರು ಗಳಿಸಿದ್ದ ರಾಬರ್ಟ್ ಬರ್ನ್ಸ್ ಇದನ್ನು ಕಂಡು ಮರುಗಿ, ಚರ್ಚಿನವರ ಅಪ್ಪಣೆ ಪಡೆದು, ತನ್ನ ಸ್ವಂತ ಖರ್ಚಿನಲ್ಲಿ ಕಲ್ಲು ನೆಡಿಸಿದನು. ತನಗಿಂತ ಮುಂಚೆ ನಡೆದ ಕವಿಗೆ ಬಡಕವಿಯೊಬ್ಬನು ಸಲ್ಲಿಸಿದ ಗೌರವವದು. ಚರ್ಚಿನ ಹೊರಗೆ ಬೀದಿಯಲ್ಲಿ ಬಿರುಸಿನಿಂದ ನಡೆಯುತ್ತಿರುವಂತೆ ಫರ್ಗುಸನ್ನನ ಕಂಚಿನ ವಿಗ್ರಹವನ್ನು 2004ರಲ್ಲಿ ನಿಲ್ಲಿಸಿದ್ದಾರೆ.

ಬೀದಿಯ ಕೊನೆಯಲ್ಲಿ ಹೋಲಿರೂಡ್ ಅರಮನೆ. 1566ರ ಮಾರ್ಚ್ 9ರಂದು ಗರ್ಭಿಣಿಯಾಗಿದ್ದ ಮೇರಿ ರಾಣಿಯ ಕಣ್ಣೆದುರಿನಿಂದಲೇ ಅವಳ ಕಾರ್ಯದರ್ಶಿ ರಿಜಿಯೊ ಎಂಬವನನ್ನು ಎಳೆದೊಯ್ದು ಇರಿದು ಕೊಂದದ್ದು ಇಲ್ಲಿ. ಮೂರು ತಿಂಗಳ ತರುವಾಯ ಅವಳು ಬೀದಿಯ ಇನ್ನೊಂದು ತುದಿಯ ಕೋಟೆಯಲ್ಲಿ ಮಗನನ್ನು ಹೆತ್ತಳು. ಆ ಶಿಶುವೇ ಮುಂದೆ ಸ್ಕಾಟ್ಲೆಂಡ್ ಇಂಗ್ಲೆಂಡುಗಳೆರಡನ್ನೂ ಆಳಿದನು. ಅರಮನೆಗೆ ಎದುರಾಗಿ 2004ರಲ್ಲಿ ಪೂರ್ಣಗೊಂಡ ಪಾರ್ಲಿಮೆಂಟ್ ಭವನವಿದೆ. 1707ರಲ್ಲಿ ಮುಚ್ಚಿದ ಸ್ಕಾಟಿಷ್ ಪಾರ್ಲಿಮೆಂಟು 1999ರಲ್ಲಿ ಮತ್ತೆ ಸೇರಿತು. ಭವನಕ್ಕೆ 41 ಕೋಟಿ ಪೌಂಡುಗಳಿಗೂ ಹೆಚ್ಚು ವೆಚ್ಚವಾಯಿತೆಂಬುದನ್ನು ಊರವರು ಇನ್ನೂ ಮರೆತಿಲ್ಲ.

ಕಂಬಗಳ ಗುಡ್ಡದಿಂದ ಸ್ಕಾಟನ ಸ್ಮಾರಕಕ್ಕೆ

ಇಲ್ಲಿಂದ ಹೊಸ ಪಟ್ಟಣಕ್ಕೆ ತಿರುಗುವ ದಾರಿಯಲ್ಲಿ ಕಾಲ್ಟನ್ ಗುಡ್ಡ ಸಿಕ್ಕುತ್ತದೆ. ಅಥೆನ್ಸಿನ ಪಾರ್ಥೆನಾನ್ ದೇವಾಲಯದಂತೆಯೇ ಒಂದು ಯುದ್ಧಸ್ಮಾರಕವನ್ನು ಕಟ್ಟಬೇಕೆಂದು ಇಲ್ಲಿ 1826ರಲ್ಲಿ ಕೆಲಸ ಆರಂಭಿಸಿದರು. ಹನ್ನೆರಡು ಕಂಬಗಳು ಏಳುವಷ್ಟರಲ್ಲಿ ಹಣ ಮುಗಿಯಿತು. 1829ರಲ್ಲಿ ಕೆಲಸ ನಿಂತಿತು. ಆ ಹನ್ನೆರಡು ಕಂಬಗಳು ಹಾಗೆಯೇ ನಿಂತಿವೆ. ಬಹುಕಾಲ ಅವಮಾನವೆನಿಸಿದ್ದ ಈ ಅರೆಗೆಲಸವೇ ಈಗ ಊರಿನ ಅತ್ಯಂತ ಪ್ರಿಯವಾದ ನೋಟಗಳಲ್ಲೊಂದು.

ಗುಡ್ಡವಿಳಿದರೆ ಪ್ರಿನ್ಸೆಸ್ ಸ್ಟ್ರೀಟ್. ಇದರ ಒಂದು ಬದಿಗೆ ಅಂಗಡಿಗಳ ಸಾಲು. ಇನ್ನೊಂದು ಬದಿಗೆ ಹಿಂದಿನ ಕೊಳಕು ಕೆರೆ ಬತ್ತಿದ ಜಾಗದಲ್ಲಿ ಎದ್ದ ಉದ್ಯಾನ, ಅದರಾಚೆ ಕೋಟೆ. ಹೊಸ ಪಟ್ಟಣದ ನಕ್ಷೆಯನ್ನು ಜೇಮ್ಸ್ ಕ್ರೇಗ್ ಎಂಬ ತರುಣ ಶಿಲ್ಪಿ ಸಿದ್ಧಪಡಿಸಿದನು. 1767ರಲ್ಲಿ ನಗರ ಅದನ್ನು ಒಪ್ಪಿತು.

ಉದ್ಯಾನದ ಅಂಚಿನಲ್ಲಿ 200 ಅಡಿ ಎತ್ತರದ ಸ್ಕಾಟ್ ಸ್ಮಾರಕವಿದೆ. ಅದನ್ನು ರೂಪಿಸಿದ ಜಾರ್ಜ್ ಮೀಕಲ್ ಕೆಂಪ್ ಕುರುಬನ ಮಗ, ವೃತ್ತಿಯಿಂದ ಬಡಗಿ, ತಾನೇ ಕಲಿತು ಶಿಲ್ಪಿಯಾದವನು. ಕೆಲಸ ಮುಗಿಯುವ ಮುನ್ನ, 1844ರಲ್ಲಿ, ಕಾಲುವೆಗೆ ಬಿದ್ದು ಸತ್ತನು. ಕಮಾನುಗಳ ಅಡಿಯಲ್ಲಿ ತನ್ನ ನಾಯಿ ಮೈಡಾನೊಡನೆ ಕುಳಿತಿರುವ ಸ್ಕಾಟನ ಅಮೃತಶಿಲೆಯ ಮೂರ್ತಿಯುಂಟು.

ಇಲ್ಲಿ ಕನ್ನಡ ನಾಡಿನವರು ನೆನೆಯಬೇಕಾದ ಸಂಗತಿಯೊಂದಿದೆ. ಪಾಲುಗಾರರಾಗಿದ್ದ ಪ್ರಕಾಶಕರೂ ಮುದ್ರಕರೂ ದಿವಾಳಿಯಾದಾಗ 1826ರಲ್ಲಿ ಸ್ಕಾಟನ ಹೆಗಲ ಮೇಲೆ ಒಂದು ಲಕ್ಷ ಪೌಂಡುಗಳನ್ನೂ ಮೀರಿದ ಸಾಲ ಬಿದ್ದಿತು. ಆತ ಯಾರ ಸಹಾಯವನ್ನೂ ಬೇಡದೆ, ಬರೆದೇ ತೀರಿಸುತ್ತೇನೆಂದು ಹಟತೊಟ್ಟನು. ಆ ಕಷ್ಟದ ದಿನಗಳಲ್ಲಿ, 1827ರಲ್ಲಿ, ‘ಕ್ಯಾನನ್‌ಗೇಟಿನ ವೃತ್ತಾಂತಗಳು’ ಎಂಬ ಸಂಪುಟದಲ್ಲಿ ಪ್ರಕಟವಾದ ‘ವೈದ್ಯನ ಮಗಳು’ ಎಂಬ ಕಥೆ ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಆರಂಭವಾಗಿ ಮೈಸೂರು ಸೀಮೆಯಲ್ಲಿ ಮುಗಿಯುತ್ತದೆ. ಹೈದರಾಲಿ, ಟಿಪ್ಪು ಇಬ್ಬರೂ ಅದರ ಪಾತ್ರಗಳು. ಹೈದರನು ಫಕೀರನ ವೇಷದಲ್ಲಿದ್ದು, ಕೊನೆಗೆ ಬೆಂಗಳೂರಿನಲ್ಲಿ ಪ್ರಕಟನಾಗಿ ನ್ಯಾಯ ತೀರಿಸುತ್ತಾನೆ. ಮೋಸಗಾರನಾದ ಸ್ಕಾಟಿಷ್ ತರುಣ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಭಾರತವನ್ನು ಎಂದೂ ಕಾಣದ ಸ್ಕಾಟನಿಗೆ ಇಲ್ಲಿಂದ ಮರಳಿದ್ದ ಸೈನಿಕ ಮಿತ್ರರೇ ಕಣ್ಣುಗಳಾಗಿದ್ದರು. 1832ರಲ್ಲಿ ಅವನು ಸತ್ತಾಗ ಸಾಲದ ಬಹುಭಾಗ ತೀರಿತ್ತು. ಉಳಿದದ್ದನ್ನು ಅವನ ಗ್ರಂಥಗಳ ಆದಾಯವೇ ತೀರಿಸಿತು.

ಸ್ಮಾರಕದಿಂದ ಅಲ್ಪ ದೂರದಲ್ಲಿ ರಾಷ್ಟ್ರೀಯ ಚಿತ್ರಶಾಲೆಯಿದೆ. 1839ರಲ್ಲಿ ಡೇವಿಡ್ ವಿಲ್ಕಿ ರಚಿಸಿದ ಬೃಹತ್ ಚಿತ್ರವೊಂದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದ ಸ್ವತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ರಾತ್ರಿ ಸೇನಾನಿ ಡೇವಿಡ್ ಬೈರ್ಡ್ ಟಿಪ್ಪುವಿನ ಶವವನ್ನು ಪತ್ತೆಹಚ್ಚಿದ ದೃಶ್ಯ ಅದರಲ್ಲಿದೆ. ಬೈರ್ಡ್ ಅದೇ ಊರಿನಲ್ಲಿ ಹಿಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಾಗಿದ್ದವನು. ಚಿತ್ರಕಾರನು ಅವನ ಕಾಲಬಳಿ ಸೆರೆಮನೆಯ ಕಬ್ಬಿಣದ ಸರಳುಗಳನ್ನು ಬರೆಯಲು ಮರೆತಿಲ್ಲ. ಗೆದ್ದವರ ಕಣ್ಣಿನಿಂದ ಕಂಡ ಚಿತ್ರವದು. ಶ್ರೀರಂಗಪಟ್ಟಣದ ನೆಲವನ್ನು ಬಲ್ಲವರಿಗೆ ಅದು ಬೇರೆಯೇ ಭಾವವನ್ನುಂಟುಮಾಡುತ್ತದೆ.

ಗೋಪುರದ ಪ್ರೊಫೆಸರ್

ಚಿತ್ರಶಾಲೆಯ ಹಿಂದಿನ ಏರು ಮತ್ತೆ ಕೋಟೆಯ ಕಡೆಗೆ ಒಯ್ಯುತ್ತದೆ. ಕೆಂಪು ಮಾಡು, ಬಿಳಿಯ ಗೋಡೆಗಳ ರ್‍ಯಾಮ್ಸೆ ಗಾರ್ಡನ್ ಮನೆಗಳೂ ಅವುಗಳ ಪಕ್ಕದ ಗೋಪುರವೂ ಪ್ಯಾಟ್ರಿಕ್ ಗೆಡ್ಡಿಸನ ಹೆಸರನ್ನು ಮತ್ತೆ ನೆನಪಿಗೆ ತರುತ್ತವೆ. ಈ ಜೀವಶಾಸ್ತ್ರಜ್ಞ 1886ರಲ್ಲಿ ಅನ್ನಾ ಮಾರ್ಟನ್ನಳನ್ನು ಮದುವೆಯಾದ ಬಳಿಕ, ಹೊಸ ಪಟ್ಟಣದ ಸುಖವನ್ನು ತೊರೆದು, ಬಡವರಿಂದ ತುಂಬಿದ್ದ ಲಾನ್‌ಮಾರ್ಕೆಟ್ಟಿನ ಜೇಮ್ಸ್ ಕೋರ್ಟಿನಲ್ಲಿ ಬಿಡಾರ ಹೂಡಿದನು. ದಂಪತಿಗಳು ನೆರೆಯವರನ್ನು ಕೂಡಿಕೊಂಡು ಗೋಡೆಗಳಿಗೆ ಸುಣ್ಣ ಬಳಿದರು, ಕಸ ತೆಗೆದರು, ಖಾಲಿ ಬಿದ್ದ ತುಂಡುನೆಲಗಳಲ್ಲಿ ತೋಟ ಹಾಕಿದರು. ಹಳೆಯ ಊರನ್ನು ಸಾರಾಸಗಟಾಗಿ ಕೆಡವುವುದು ಚಿಕಿತ್ಸೆಯಲ್ಲ. ಕೆಟ್ಟ ಭಾಗವನ್ನಷ್ಟೇ ಕೊಯ್ದು ಉಳಿದುದಕ್ಕೆ ಗಾಳಿಬೆಳಕು ಕೊಟ್ಟು, ಇರುವ ಜನರನ್ನು ಅಲ್ಲಿಯೇ ಉಳಿಸಬೇಕೆಂಬುದು ಅವನ ವಾದ. 1892ರಲ್ಲಿ ಅವನು ಆ ಗೋಪುರವನ್ನು ಕೊಂಡನು. ತುದಿಯ ಕತ್ತಲೆ ಕೋಣೆಯಲ್ಲಿ ಮಸೂರಗಳು ನಗರದ ಜೀವಂತ ಪ್ರತಿಬಿಂಬವನ್ನು ಬಿಳಿಯ ಮೇಜಿನ ಮೇಲೆ ಬೀಳಿಸುತ್ತವೆ. ಇಂದಿಗೂ ಅದನ್ನು ನೋಡಬಹುದು. ಅದರ ಕೆಳಗಿನ ಅಂತಸ್ತುಗಳಲ್ಲಿ ಅವನು ಕ್ರಮವಾಗಿ ನಗರ, ಸ್ಕಾಟ್ಲೆಂಡ್, ಯೂರೋಪು, ಪ್ರಪಂಚ ಎಂದು ವಸ್ತುಪ್ರದರ್ಶನವನ್ನು ಜೋಡಿಸಿದ್ದನು. ತನ್ನ ಊರನ್ನು ಅರಿತವನು ಪ್ರಪಂಚವನ್ನು ಅರಿಯಬಲ್ಲನೆಂಬುದು ಅದರ ತಾತ್ಪರ್ಯ.

ಇದೇ ಗೆಡ್ಡಿಸ್ 1914ರಲ್ಲಿ ಮದರಾಸಿಗೆ ಬಂದನು. ಅವನ ನಗರ ಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನರ ಎಂಡೆನ್ ನೌಕೆ ಮುಳುಗಿಸಿತಾದರೂ ಅವನು ಎದೆಗುಂದದೆ ಹೊಸದಾಗಿ ಸಾಮಗ್ರಿ ಕೂಡಿಸಿದನು. 1915ರಲ್ಲಿ ಮದರಾಸು ಪ್ರಾಂತದ ಊರುಗಳ ಮೇಲೆ ಬರೆದ ವರದಿಗಳಲ್ಲಿ, ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಒಂದು. ಮುಂದೆ ಅವನು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದನು. ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಬರೆದನು. ಭಾರತದ ಪುರಸಭೆಗಳು ಇಕ್ಕಟ್ಟಿನ ಕೇರಿಗಳನ್ನು ಒಡೆದು ಅಗಲ ರಸ್ತೆ ಮಾಡಹೊರಟಾಗ ಅವನು ಮೊದಲು ಕೇರಿಯಲ್ಲಿ ನಡೆದು ನೋಡಿ ಎನ್ನುತ್ತಿದ್ದನು. ಅವನು ಆ ಪಾಠ ಕಲಿತದ್ದು ಈ ಓಣಿಗಳಲ್ಲಿ.

ಅವನ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಹಳೆಯ ಪಟ್ಟಣದ ಕಟ್ಟಡಗಳು ಈಗ ಭದ್ರವಾಗಿವೆ. ಆದರೆ ಮನೆಗಳು ಪ್ರವಾಸಿಗಳಿಗೆ ದಿನಬಾಡಿಗೆಯ ಕೋಣೆಗಳಾಗಿ ಮಾರ್ಪಟ್ಟು, ನೆಲೆನಿಂತು ಬಾಳುವವರಿಗೆ ಸ್ಥಳ ಸಿಕ್ಕುವುದು ಕಷ್ಟವಾಯಿತು. ಇದಕ್ಕಾಗಿ ನಗರವು 2022ರಲ್ಲಿ ಇಂಥ ಬಾಡಿಗೆಗಳ ಮೇಲೆ ಹತೋಟಿಯನ್ನು ಊರಿಗೆಲ್ಲ ಅನ್ವಯಿಸಿತು. ಒಮ್ಮೆ ಉಳ್ಳವರು ಬಿಟ್ಟುಹೋದದ್ದರಿಂದ ಕುಸಿದ ಊರು, ಈಗ ಬಂದುಹೋಗುವವರ ದಟ್ಟಣೆಯಿಂದ ಬರಿದಾಗಬಾರದಲ್ಲವೆ?

ಆದುದರಿಂದ ಈ ಸುತ್ತನ್ನು ಮಾಡುವವನು ಬೆಳಗಿನ ಹೊತ್ತಿನಲ್ಲಿ, ಜನಸಂದಣಿ ಸೇರುವ ಮುನ್ನ ಹೊರಡುವುದು ಒಳ್ಳೆಯದು. ಓಣಿಗಳಲ್ಲಿ ಮೆಲ್ಲಗೆ ಮಾತನಾಡಬೇಕು. ಮೇಲಿನ ಕಿಟಕಿಗಳ ಹಿಂದೆ ಯಾರೋ ಮಗುವನ್ನು ಶಾಲೆಗೆ ಸಿದ್ಧಗೊಳಿಸುತ್ತಿರಬಹುದು. ಕೋಟೆ, ಅರಮನೆ, ಸ್ಮಾರಕಗಳ ಜೊತೆಗೆ ಆ ಮನೆಗಳೂ ನೋಡತಕ್ಕವೇ. ಗೆಡ್ಡಿಸ್ ದಂಪತಿಗಳು ಸುಣ್ಣದ ಬಕೆಟ್ಟು ಹಿಡಿದು ಉಳಿಸಹೊರಟದ್ದು ಅವನ್ನೇ.